ಬೆಳ್ಳಿಯ ಡಾಲರಿಗೆ ಎರಡು ಬೆಲೆ

ಕೆಲವು ವರ್ಷಗಳ ಹಿಂದೆ, ಅಮೆರಿಕದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ, ಹಳೆಯ ಸಾಮಾನುಗಳ ಅಂಗಡಿಯೊಂದರಲ್ಲಿ 1921ನೆಯ ಇಸವಿಯ ಬೆಳ್ಳಿಯ ಡಾಲರೊಂದನ್ನು ಕೊಂಡು ತಂದೆ. ಒಂದು ಮಗ್ಗುಲಲ್ಲಿ ಸ್ವಾತಂತ್ರ್ಯದೇವಿಯ ಮುಖ, ಇನ್ನೊಂದರಲ್ಲಿ ರೆಕ್ಕೆ ಬಿಚ್ಚಿದ ಹದ್ದು. ಮೈ ಮಾತ್ರ ಕಪ್ಪಿಟ್ಟಿತ್ತು. ಊರಿಗೆ ಬಂದವನೇ, ದೇವರ ಪಾತ್ರೆಗಳನ್ನು ಬೆಳಗುವಂತೆ ಅದಕ್ಕೂ ವಿಭೂತಿ ಹಚ್ಚಿ ತಿಕ್ಕಿದೆ. ನಾಣ್ಯ ಥಳಥಳಿಸಿತು. ನಾಣ್ಯಸಂಗ್ರಹದ ಹವ್ಯಾಸವುಳ್ಳ ಮಿತ್ರರೊಬ್ಬರಿಗೆ ಹೆಮ್ಮೆಯಿಂದ ತೋರಿಸಿದೆ. ಅವರು ಭೂತಗನ್ನಡಿ ಹಿಡಿದು ನೋಡಿ, "ಮೇಷ್ಟ್ರೇ, ಇದು ಇನ್ನು ಬರಿಯ ಬೆಳ್ಳಿ" ಎಂದರು. ಆ ಮಾತಿನ ಅರ್ಥವನ್ನು ಅರಸುತ್ತ ನಾನು ಕಲಿತುದನ್ನು ಈ ದಿನ ತಮ್ಮ ಮುಂದಿಡುತ್ತೇನೆ.

ಇಂಥ ನಾಣ್ಯಕ್ಕೆ ಎರಡು ಬೆಲೆಗಳುಂಟು. ಒಂದು ಲೋಹದ ಬೆಲೆ. ಅದು ತಕ್ಕಡಿಯ ಲೆಕ್ಕ. 20ನೆಯ ಶತಮಾನದಲ್ಲಿ 1964ರವರೆಗೆ ಅಚ್ಚಾದ ಅಮೆರಿಕದ ಡೈಮ್, ಕ್ವಾರ್ಟರ್ ಮತ್ತು ಅರ್ಧ ಡಾಲರುಗಳಲ್ಲಿ ನೂರಕ್ಕೆ 90 ಪಾಲು ಬೆಳ್ಳಿ. ಕಾಲು ಡಾಲರಿನ ಕ್ವಾರ್ಟರು 6.25 ಗ್ರಾಂ ತೂಗಿದರೆ ಅದರಲ್ಲಿ ಬೆಳ್ಳಿ ಸುಮಾರು 5.6 ಗ್ರಾಂ. ಬೆಳ್ಳಿ ದುಬಾರಿಯಾದಾಗ, 1965ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಮಾಡಿದ ಶಾಸನವು ಡೈಮ್, ಕ್ವಾರ್ಟರುಗಳಿಂದ ಅದನ್ನು ಹೊರಗಟ್ಟಿತು. ಅರ್ಧ ಡಾಲರಿನಲ್ಲಿ 1970ರವರೆಗೆ 40 ಪಾಲು ಉಳಿಯಿತು. ಬೆಳ್ಳಿಯಿಲ್ಲದ ಹೊಸ ನಾಣ್ಯದ ಅಂಚಿನಲ್ಲಿ ತಾಮ್ರದ ಕೆಂಪು ಗೆರೆ ಕಾಣುತ್ತದೆ. ಹಳೆಯದರ ಅಂಚು ಬಿಳುಪು.

ಎರಡನೆಯದು ಸಂಗ್ರಾಹಕನ ಬೆಲೆ. ಅದು ನಾಣ್ಯದ ವಯಸ್ಸನ್ನು ಅಷ್ಟಾಗಿ ಕೇಳುವುದಿಲ್ಲ. ಇದರಂಥವು ಇನ್ನೆಷ್ಟು ಉಳಿದಿವೆ, ಎಂಥ ಸ್ಥಿತಿಯಲ್ಲಿವೆ ಎಂದು ಕೇಳುತ್ತದೆ. ನನ್ನ ಡಾಲರಿನ ವಿನ್ಯಾಸ ಜಾರ್ಜ್ ಮಾರ್ಗನ್ ಎಂಬ ಶಿಲ್ಪಿಯದು. ಅದು 1878ರಿಂದ 1904ರವರೆಗೂ, ಮತ್ತೆ 1921ರಲ್ಲೂ ಅಚ್ಚಾಯಿತು. 1921ರಲ್ಲಿ ಅಚ್ಚಾದವು 8 ಕೋಟಿಗೂ ಮಿಗಿಲು. 1893ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಟಂಕಸಾಲೆಯಲ್ಲಿ ಅಚ್ಚಾದವಾದರೋ ಒಂದೇ ಲಕ್ಷ. ಹದ್ದಿನ ಕೆಳಗಿರುವ 'ಎಸ್' ಎಂಬ ಪುಟ್ಟ ಅಕ್ಷರವೇ ಅದರ ಗುರುತು. ಒಂದಕ್ಷರಕ್ಕೆ ಇಷ್ಟು ಬೆಲೆ ಕಟ್ಟುವವರು ನಮ್ಮ ಹಸ್ತಪ್ರತಿ ಸಂಪಾದಕರಲ್ಲೂ ಅಪರೂಪ!

1904ರಲ್ಲಿ ನಿಂತ ಡಾಲರು 1921ರಲ್ಲಿ ಮತ್ತೆ ಹುಟ್ಟಿದುದೇಕೆ? ಅದಕ್ಕೆ ಕಾರಣವಾದುದು ನಮ್ಮ ದೇಶ. ಮೊದಲ ಮಹಾಯುದ್ಧದ ದಿನಗಳಲ್ಲಿ ಇಲ್ಲಿ ಬೆಳ್ಳಿಯ ಕೊರತೆಯುಂಟಾಗಿ, 1917ರಲ್ಲಿ ಒಂದು ರೂಪಾಯಿಯ ಕಾಗದದ ನೋಟು ಬಂತು. ಜನ ನೋಟನ್ನು ನಂಬದೆ ಬೆಳ್ಳಿಯ ರೂಪಾಯಿಗಳನ್ನೇ ಕೇಳಿದರು. 1918ರಲ್ಲಿ ಅಮೆರಿಕದ ಸಂಸತ್ತು ಪಿಟ್‌ಮನ್ ಶಾಸನವನ್ನು ಅಂಗೀಕರಿಸಿತು. ಅದರಂತೆ 27 ಕೋಟಿ ಡಾಲರುಗಳು ಮೂಸೆಗೆ ಬಿದ್ದವು. ಅವುಗಳಲ್ಲಿ ಸುಮಾರು 26 ಕೋಟಿಯ ಬೆಳ್ಳಿಯನ್ನು ಬ್ರಿಟನ್ನು ಭಾರತಕ್ಕಾಗಿ ಕೊಂಡಿತು. ಡಾಲರಿನಲ್ಲಿ 24 ಗ್ರಾಂ ಬೆಳ್ಳಿ, ಅಂದಿನ ರೂಪಾಯಿಯಲ್ಲಿ 10.7 ಗ್ರಾಂ: ಒಂದು ಡಾಲರು ಕರಗಿದರೆ ಎರಡೂಕಾಲು ರೂಪಾಯಿ. ಸ್ವಾತಂತ್ರ್ಯದೇವಿ ಕರಗಿ ಐದನೆಯ ಜಾರ್ಜ್ ಚಕ್ರವರ್ತಿಯಾದಳು! ಆ ರೂಪಾಯಿಗಳಲ್ಲಿ ಕೆಲವು ಮತ್ತೆ ಕರಗಿ ನಮ್ಮ ಅಜ್ಜಿಯರ ಡಾಬು, ಕಾಲ್ಗಡಗಗಳಲ್ಲಿ ಸೇರಿದ್ದರೂ ಸೋಜಿಗವಿಲ್ಲ. ಕರಗಿದ ಡಾಲರುಗಳ ಜಾಗವನ್ನು ತುಂಬಬೇಕೆಂಬ ವಿಧಿಯಿಂದಲೇ 1921ರ ಡಾಲರುಗಳು ಹುಟ್ಟಿದ್ದು.

ಯಾವ ಇಸವಿಯವು ಎಷ್ಟು ಕರಗಿದವೆಂಬ ಲೆಕ್ಕವನ್ನು ಮಾತ್ರ ಯಾರೂ ಇಡಲಿಲ್ಲ. 1903ರಲ್ಲಿ ನ್ಯೂ ಆರ್ಲಿಯನ್ಸಿನಲ್ಲಿ 44 ಲಕ್ಷಕ್ಕೂ ಹೆಚ್ಚು ಡಾಲರು ಅಚ್ಚಾಗಿದ್ದವು. ಅವೆಲ್ಲ ಕರಗಿಹೋದವೆಂದೇ ನಂಬಿ ಜನ ಉಳಿದ ಕೆಲವಕ್ಕೆ ಅಪಾರ ಹಣ ತೆತ್ತರು. 1962ರಲ್ಲಿ ಖಜಾನೆಯ ಚೀಲಗಳು ಬಿಚ್ಚಿದಾಗ ಅದೇ ನಾಣ್ಯಗಳು ರಾಶಿಯಾಗಿ ಹೊರಬಂದವು, ಬೆಲೆ ಕುಸಿದುಬಿತ್ತು. ಬೆಳ್ಳಿಯ ತೂಕ ಕೂದಲೆಳೆಯಷ್ಟೂ ಬದಲಾಗಿರಲಿಲ್ಲ.

ನನ್ನ ಡಾಲರು ವಿರಳವಾದುದಲ್ಲ. ಹಣದ ನಷ್ಟ ದೊಡ್ಡದೇನಲ್ಲ. ಆದರೂ ಮನಸ್ಸು ನೊಂದಿತು. ಓಲೆಗರಿಯ ಪಾಠವನ್ನು ತಮಗೆ ತೋಚಿದಂತೆ 'ತಿದ್ದಿ' ತಂದ ವಿದ್ಯಾರ್ಥಿಗಳನ್ನು ಮೂವತ್ತು ವರ್ಷ ಗದರಿಸಿದವನು ನಾನು. ನೂರು ವರ್ಷದ ಕಾಲ ನಾಣ್ಯದ ಮೇಲೆ ಬರೆದುದನ್ನು ಐದು ನಿಮಿಷದಲ್ಲಿ ಅಳಿಸಿದವನೂ ನಾನೇ. ತಮ್ಮ ಮನೆಯ ಪೆಟ್ಟಿಗೆಯಲ್ಲಿ ಇಂಥದೊಂದು ಕಪ್ಪು ನಾಣ್ಯವಿದ್ದರೆ, ಅದನ್ನು ತಿಕ್ಕಬೇಡಿ. ಅಂಚಿನಲ್ಲಿ ಹಿಡಿದು, ಬೆಳಕಿಗೊಡ್ಡಿ, ಮೊದಲು ಓದಿ ನೋಡಿ.

(ಬಾನುಲಿ ಭಾಷಣ)