ಪ್ರತಿನಿಧಿ ಪ್ರತಿಬಿಂಬವಾಗಬೇಕೆ?

ಕರ್ನಾಟಕ ವಿಧಾನಸಭೆಗೆ 2023ರಲ್ಲಿ ನಡೆದ ಚುನಾವಣೆಯಲ್ಲಿ 224 ಸ್ಥಾನಗಳ ಪೈಕಿ ಮಹಿಳೆಯರು ಗೆದ್ದದ್ದು 10 ಮಾತ್ರ. ಮರುವರ್ಷ ಲೋಕಸಭೆಗೆ ರಾಜ್ಯದ 28 ಕ್ಷೇತ್ರಗಳಿಂದ ಆಯ್ಕೆಯಾದವರು ಮೂವರು. ಮತದಾರರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟಿರುವವರ ಪಾಲು ಇಷ್ಟು. ಇದೇ ರಾಜ್ಯ 2010ರಲ್ಲಿ ಪಂಚಾಯಿತಿಗಳ ಅರ್ಧದಷ್ಟು ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಟ್ಟಿತು. ಊರಿನ ಮಟ್ಟದಲ್ಲಿ ಒಪ್ಪಿದ ನ್ಯಾಯವನ್ನು ವಿಧಾನಸೌಧದ ಮೆಟ್ಟಿಲ ಬಳಿ ನಿಲ್ಲಿಸಿಬಿಟ್ಟಿದ್ದೇವೆ.

ಶಾಸನಸಭೆ ಜನಸಮುದಾಯದ ಪಡಿಯಚ್ಚಾಗಿರಬೇಕೆ ಎಂಬುದು ಹಳೆಯ ಜಿಜ್ಞಾಸೆ. ಇರಬೇಕೆಂದು ಅಮೆರಿಕದ ಜಾನ್ ಆಡಮ್ಸ್ 1776ರಲ್ಲಿ ವಾದಿಸಿದ್ದರು. ಅದಕ್ಕೆ ಎರಡು ವರ್ಷ ಮೊದಲೇ ಎಡ್ಮಂಡ್ ಬರ್ಕ್ ಬ್ರಿಸ್ಟಲ್‌ನ ಮತದಾರರ ಮುಂದೆ ನಿಂತು, ಪ್ರತಿನಿಧಿಯಾದವನು ಕ್ಷೇತ್ರಕ್ಕೆ ಸಲ್ಲಿಸಬೇಕಾದದ್ದು ತನ್ನ ಸ್ವಂತ ವಿವೇಚನೆಯನ್ನು ಎಂದಿದ್ದರು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದಾಗ ನಾನು ಬರ್ಕ್ ಪಕ್ಷದವನು. ವೈದ್ಯನಿಗೆ ರೋಗಿಯ ಕಾಯಿಲೆಯೇ ಇರಬೇಕಾಗಿಲ್ಲವಷ್ಟೇ ಎಂದು ವಾದಿಸುತ್ತಿದ್ದೆ.

ಆ ಆತ್ಮವಿಶ್ವಾಸ ಅಲುಗಿದ್ದು ಸೇವೆಗೆ ಸೇರಿದ ಆರಂಭದ ದಿನಗಳಲ್ಲಿ. ಕರ್ನಾಟಕದ 1983ರ ಪಂಚಾಯತ್ ಕಾಯ್ದೆ ಮಹಿಳೆಯರಿಗೆ ಶೇ 25ರಷ್ಟು ಸ್ಥಾನಗಳನ್ನು ಮೀಸಲಿಟ್ಟಿತ್ತು; ಅದರನ್ವಯ 1987ರಲ್ಲಿ ಚುನಾವಣೆಗಳು ನಡೆದವು. ಸಂವಿಧಾನದ 73ನೇ ತಿದ್ದುಪಡಿಗೆ ಇನ್ನೂ ಐದು ವರ್ಷವಿತ್ತು. ನಾನಾಗ ಒಂದು ಜಿಲ್ಲಾ ಪರಿಷತ್ತಿನಲ್ಲಿ ಕಿರಿಯ ಅಧಿಕಾರಿ. ಅಬ್ದುಲ್ ನಜೀರ್ ಸಾಬ್ ಅವರು ಕೊಳವೆಬಾವಿಗಳಿಂದಾಗಿ ‘ನೀರ್ ಸಾಬ್’ ಎಂದೇ ಹೆಸರಾಗಿದ್ದ ಕಾಲ. ಪ್ರಗತಿ ವರದಿ ತಯಾರಿಸುವುದು ನನ್ನ ಹೊಣೆ: ಇಷ್ಟು ಗುರಿ, ಇಷ್ಟು ಸಾಧನೆ, ಇಷ್ಟು ವೆಚ್ಚ. ಅಂಕಿಗಳು ಅಚ್ಚುಕಟ್ಟಾಗಿರುತ್ತಿದ್ದವು.

ಮೀಸಲು ಕ್ಷೇತ್ರದಿಂದ ಬಂದಿದ್ದ ಒಬ್ಬ ಸದಸ್ಯೆ ಮೊದಲ ಕೆಲವು ಸಭೆಗಳಲ್ಲಿ ತುಟಿ ಬಿಚ್ಚಲಿಲ್ಲ. ಅವರ ಪತಿ ಹೊರಗಿನ ವರಾಂಡದಲ್ಲಿ ಕಾಯುತ್ತಿದ್ದರು. ನಮ್ಮ ಕಚೇರಿಯವರೂ ಕಾಗದಪತ್ರಗಳನ್ನು ಅವರ ಕೈಗೇ ಕೊಡುತ್ತಿದ್ದರೆಂಬುದನ್ನು ಮುಚ್ಚಿಡಬಾರದು. ಒಂದು ದಿನ ನಾನು ವರದಿ ಓದಿ ಮುಗಿಸುವಷ್ಟರಲ್ಲಿ ಆಕೆ ಎದ್ದು, ‘ಬೋರು ಹಾಕ್ಸಿದ್ದು ಸರಿ ಸ್ವಾಮಿ, ಕೆಟ್ಟು ನಿಂತಿರೋವು ಎಷ್ಟವೆ?’ ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ನಮ್ಮ ನಮೂನೆಯಲ್ಲಿ ಅದಕ್ಕೊಂದು ಕಾಲಂ ಇರಲಿಲ್ಲ. ಕೊರೆದದ್ದು ಲೆಕ್ಕಕ್ಕೆ ಬರುತ್ತಿತ್ತು, ಕೈಪಂಪು ಕೆಟ್ಟು ತಿಂಗಳಾದರೂ ಅದು ಸಾಧನೆಯ ಪಟ್ಟಿಯಲ್ಲೇ ಇರುತ್ತಿತ್ತು. ಆಕೆ ಬಿಡಲಿಲ್ಲ. ರಿಪೇರಿಯವನು ಎಲ್ಲಿರುತ್ತಾನೆ, ಹೇಳಿಕಳಿಸಿದ ಎಷ್ಟು ದಿನಕ್ಕೆ ಬರುತ್ತಾನೆ, ಅಷ್ಟು ದಿನ ಹೆಂಗಸರು ಯಾರ ತೋಟದ ಬಾವಿಗೆ ಹೋಗಬೇಕು, ಅಲ್ಲಿ ಯಾರಿಗೆ ನೀರು ಕೊಡುತ್ತಾರೆ, ಯಾರಿಗೆ ಕೊಡುವುದಿಲ್ಲ. ಆ ಸಭೆಯಲ್ಲಿ ಕುಳಿತಿದ್ದ ನಾವಾರೂ ದುರುಳರಲ್ಲ. ನಮ್ಮ ಮನೆಗಳಲ್ಲಿ ನಲ್ಲಿಯಿತ್ತು, ಅಷ್ಟೆ.

ಇದೊಂದು ಬಿಡಿ ಪ್ರಸಂಗ ಎನ್ನುವವರಿಗೆ, ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೊ 2004ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನೆನಪಿಸಬೇಕು. ಪಶ್ಚಿಮ ಬಂಗಾಳ ಮತ್ತು ರಾಜಸ್ಥಾನದ 265 ಪಂಚಾಯಿತಿಗಳನ್ನು ಅವರು ಪರಿಶೀಲಿಸಿದ್ದರು. ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲಾದ ಕಡೆ ಕುಡಿಯುವ ನೀರಿನ ಮೇಲಿನ ಹೂಡಿಕೆ ಹೆಚ್ಚಿತ್ತು. ಮೀಸಲು ಯಾವ ಊರಿಗೆ ಎಂಬುದು ಯಾದೃಚ್ಛಿಕವಾಗಿ ನಿಗದಿಯಾಗಿದ್ದರಿಂದ ಈ ಫಲಿತಾಂಶವನ್ನು ಕಾಕತಾಳೀಯವೆಂದು ತಳ್ಳಿಹಾಕುವುದು ಕಷ್ಟ.

ಹಾಗೆಂದು ಸಂಪೂರ್ಣ ಪ್ರತಿಬಿಂಬದ ವಾದವನ್ನು ನಾನು ಒಪ್ಪಲಾರೆ. ಲಿಂಗ, ಜಾತಿ, ಧರ್ಮ, ವಯಸ್ಸು, ಕಸುಬು: ಕನ್ನಡಿಯನ್ನು ಎಷ್ಟೆಂದು ಹೋಳು ಮಾಡುವುದು? ಭೂರಹಿತ ದಲಿತ ಮಹಿಳೆ ಯಾವ ಹೋಳಿನಲ್ಲಿ ಕಾಣಬೇಕು? ಇನ್ನೊಂದು ವಿಚಿತ್ರವೂ ಇದೆ. ಅಭ್ಯರ್ಥಿಗಳ ಆಸ್ತಿ ಪ್ರಮಾಣಪತ್ರಗಳ ಪ್ರಕಾರ ನಮ್ಮ ಶಾಸಕರಲ್ಲಿ ಬಹುತೇಕರು ಕೋಟ್ಯಧಿಪತಿಗಳು. ಆದಾಯದ ದೃಷ್ಟಿಯಿಂದ ಸದನ ಸಮಾಜವನ್ನು ಹೋಲಬೇಕೆಂದು ಯಾವ ಪಕ್ಷವೂ ಕೇಳಿದ್ದನ್ನು ನಾನು ಕಾಣೆ.

ಮೀಸಲು ಸ್ಥಾನದಲ್ಲಿ ಕೂರುವವರು ಯಾರ ಋಣದಲ್ಲಿ ಕೂರುತ್ತಾರೆ ಎಂಬುದು ಇದಕ್ಕಿಂತ ತೊಡಕಿನ ಪ್ರಶ್ನೆ. ಅಂಬೇಡ್ಕರ್ ಅವರನ್ನು ಕಾಡಿದ್ದೂ ಇದೇ. 1932ರ ಪೂನಾ ಒಪ್ಪಂದದಿಂದ ದಲಿತರಿಗೆ ಸ್ಥಾನಗಳು ಹೆಚ್ಚಿದರೂ ಪ್ರತ್ಯೇಕ ಮತಕ್ಷೇತ್ರ ಕೈತಪ್ಪಿತು. ಗೆಲ್ಲಲು ಇತರರ ಮತಗಳನ್ನೇ ನೆಚ್ಚಬೇಕಾಯಿತು. ಮಹಿಳೆಯರ ವಿಷಯದಲ್ಲಿ ಈ ಋಣ ಬಹುತೇಕ ಮನೆಯೊಳಗಿನದು. 2024ರಲ್ಲಿ ಗೆದ್ದ ನಮ್ಮ ಮೂವರು ಸಂಸದೆಯರಲ್ಲಿ ಇಬ್ಬರು ರಾಜ್ಯದ ಸಚಿವರ ಕುಟುಂಬದವರು. ಅವರ ಸಾಮರ್ಥ್ಯದ ಬಗ್ಗೆ ನನ್ನ ಆಕ್ಷೇಪವಿಲ್ಲ. ಟಿಕೆಟ್ ಯಾವ ಬಾಗಿಲಿನಿಂದ ಹೊರಬರುತ್ತದೆ ಎಂಬುದನ್ನಷ್ಟೇ ಗಮನಿಸುತ್ತಿದ್ದೇನೆ.

ಮಹಿಳಾ ಮೀಸಲಾತಿ ಮಸೂದೆ ಸಂಸತ್ತಿನಲ್ಲಿ ಮೊದಲು ಮಂಡನೆಯಾದದ್ದು 1996ರಲ್ಲಿ, ಎಚ್.ಡಿ. ದೇವೇಗೌಡರು ಪ್ರಧಾನಿಯಾಗಿದ್ದಾಗ. ಮೂರನೇ ಒಂದರಷ್ಟು ಸ್ಥಾನ ನೀಡುವ ತಿದ್ದುಪಡಿಗೆ ಒಪ್ಪಿಗೆ ದೊರೆತದ್ದು 27 ವರ್ಷಗಳ ನಂತರ, 2023ರಲ್ಲಿ. ಅದೂ ಜನಗಣತಿ ಮತ್ತು ಕ್ಷೇತ್ರ ಪುನರ್ವಿಂಗಡಣೆಯ ಗಂಟು ಹಾಕಿಕೊಂಡು. ಆದರೆ ಟಿಕೆಟ್ ಹಂಚಲು ಪಕ್ಷಗಳಿಗೆ ಯಾವ ತಿದ್ದುಪಡಿಯೂ ಬೇಕಿಲ್ಲ. ಒಡಿಶಾದ ಬಿಜು ಜನತಾ ದಳ 2019ರಲ್ಲಿ ಲೋಕಸಭೆಯ 21 ಸ್ಥಾನಗಳ ಪೈಕಿ 7ಕ್ಕೆ ಮಹಿಳೆಯರನ್ನು ಕಣಕ್ಕಿಳಿಸಿತು. ಐವರು ಗೆದ್ದರು. ಅಸ್ಕಾ ಕ್ಷೇತ್ರದಿಂದ ಗೆದ್ದ ಪ್ರಮೀಳಾ ಬಿಸೋಯಿ ಸ್ವಸಹಾಯ ಗುಂಪು ಕಟ್ಟಿ ಬೆಳೆದವರು. ಹೆಚ್ಚಿನ ಶಾಲಾ ಶಿಕ್ಷಣವೂ ಇಲ್ಲದವರು. ‘ಗೆಲ್ಲುವ ಮಹಿಳೆಯರು ಸಿಗುವುದಿಲ್ಲ’ ಎಂಬ ನಮ್ಮ ಪಕ್ಷಗಳ ನೆಪಕ್ಕೆ ಆ ಫಲಿತಾಂಶ ಸಾಕಷ್ಟು ಉತ್ತರ.

ನಮ್ಮ ಆ ಸದಸ್ಯೆಯ ಪ್ರಶ್ನೆಯಿಂದಾಗಿ ವರದಿಯ ನಮೂನೆಗೆ ‘ದುರಸ್ತಿಯಲ್ಲಿರುವವು’ ಎಂಬ ಕಾಲಂ ಸೇರಿತು. ಮುಂದಿನ ಚುನಾವಣೆ ಬರುವ ವೇಳೆಗೆ ಆ ಕ್ಷೇತ್ರದ ಮೀಸಲು ಬದಲಾಗಿತ್ತು. ಆಗ ನನಗೆ ಬೇರೆ ಜಿಲ್ಲೆಗೆ ವರ್ಗವಾಗಿತ್ತು. ಬಸ್ ನಿಲ್ದಾಣವೊಂದರಲ್ಲಿ ಆಕೆ ಅಕಸ್ಮಾತ್ ಸಿಕ್ಕಾಗ, ಈ ಸಲ ನಿಲ್ಲಲಿಲ್ಲವೇ ಎಂದು ಕೇಳಿದೆ. ‘ನನ್ನ ಯಾರು ಕೇಳ್ತಾರೆ ಸ್ವಾಮಿ?’ ಎಂದು ನಕ್ಕು, ಬಂದ ಬಸ್ಸಿನತ್ತ ನಡೆದರು.