ಗಿಳಿ ಏಕೆ ಕಚ್ಚುತ್ತದೆ?

ಚಿಕ್ಕಮಗಳೂರಿನಿಂದ ಬಾಬಾಬುಡನ್‌ಗಿರಿಯ ಕಡೆಗೆ ಏರುವವರಿಗೆ ಅತ್ತಿಗುಂಡಿ ಎಂಬ ಊರು ಸಿಗುತ್ತದೆ. ಇಂತಹ ಕಾಫಿಯ ಮಲೆಗಳು ನೀಲಿ ರೆಕ್ಕೆಯ ಗಿಳಿಗೆ ತವರು. ಪಶ್ಚಿಮ ಘಟ್ಟಗಳನ್ನು ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲಿಯೂ ಈ ಜಾತಿಯು ಸ್ವಾಭಾವಿಕವಾಗಿ ಇಲ್ಲ. ಎತ್ತರದ ಮರಗಳ ಪೊಟರೆಗಳಲ್ಲಿ ಮರಿಮಾಡಿ, ಅತ್ತಿಯಂತಹ ಹಣ್ಣುಗಳನ್ನು ತಿಂದು, ಗುಂಪುಗುಂಪಾಗಿ ಕೂಗುತ್ತ ಹಾರಾಡುವ ಈ ಹಕ್ಕಿಯನ್ನು ನೋಡಿದವರಿಗೆ, ಮನೆಯ ಪಂಜರದ ಗಿಳಿ ಏಕೆ ಕಚ್ಚುವುದೆಂಬ ಪ್ರಶ್ನೆಗೆ ಅರ್ಧ ಉತ್ತರ ಆಗಲೇ ದೊರೆತಂತೆ.

ಮೊದಲು ಕೊಕ್ಕಿನ ವಿಚಾರ. ನಮ್ಮಲ್ಲಿ ಕೆಳದವಡೆ ಮಾತ್ರ ಆಡುತ್ತದೆ. ಗಿಳಿಯ ಮೇಲುಕೊಕ್ಕೂ ತಲೆಬುರುಡೆಗೆ ಕೀಲಿನಂತೆ ಕೂಡಿಕೊಂಡು ಆಡುವುದು. ಕಾಯಿ ಒಡೆಯುವುದಕ್ಕೂ ಕೊಂಬೆ ಹತ್ತುವುದಕ್ಕೂ ಅದೇ ಸಾಧನ. ಹೆಜ್ಜೆಯಿಡುವ ಮುನ್ನ ಗಿಳಿಯು ಆಸರೆಯನ್ನು ಕೊಕ್ಕಿನಿಂದ ಹಿಡಿದು, ಅದು ತನ್ನ ಭಾರವನ್ನು ತಾಳುವುದೇ ಎಂದು ಪರೀಕ್ಷಿಸುತ್ತದೆ. ನಾವು ನೀಡಿದ ಬೆರಳನ್ನೂ ಹೀಗೆಯೇ ಹಿಡಿಯುವುದು. ಇದನ್ನೇ ಕಡಿತವೆಂದು ಬಗೆದು ಕೈಯನ್ನು ಸೆಳೆದುಕೊಂಡರೆ, ಆಸರೆಯೇ ಅಲುಗಿತೆಂದು ಹಕ್ಕಿ ಬೆದರಿ, ಮುಂದಿನ ಸಲ ಬಿಗಿಯಾಗಿ ಹಿಡಿಯಬಹುದು.

ನಿಜವಾದ ಕಡಿತಕ್ಕೆ ಬಹುಮಟ್ಟಿಗೆ ಭಯವೇ ಕಾರಣ. ಕಾಡಿನಲ್ಲಿ ಅಪಾಯ ಬಂದರೆ ಗಿಳಿ ಹಾರಿಹೋಗುವುದು. ಪಂಜರದಲ್ಲಿ, ಅದರಲ್ಲಿಯೂ ರೆಕ್ಕೆ ಕತ್ತರಿಸಿದ ಹಕ್ಕಿಗೆ, ಆ ದಾರಿ ಮುಚ್ಚಿದೆ, ಉಳಿದುದು ಕೊಕ್ಕೊಂದೇ. ಮರಿಮಾಡುವ ಕಾಲದ ಉದ್ವೇಗ, ತನ್ನ ಪಂಜರವೆಂಬ ಅಭಿಮಾನ, ನಿದ್ರೆಯ ಕೊರತೆ, ಒಂಟಿತನ, ಮೈನೋವು ಇವೂ ಕಾರಣಗಳಾಗಬಹುದು. ಸಾಧುವಾಗಿದ್ದ ಗಿಳಿ ಇದ್ದಕ್ಕಿದ್ದಂತೆ ಕಚ್ಚತೊಡಗಿದರೆ ಪಶುವೈದ್ಯರಿಗೆ ತೋರಿಸತಕ್ಕದ್ದು.

ಅರ್ಥವರಿಯದೆ ಒಪ್ಪಿಸುವುದನ್ನು ನಾವು ಗಿಣಿಪಾಠವೆನ್ನುತ್ತೇವೆ. ಆದರೆ ಕಚ್ಚುವ ವಿಷಯದಲ್ಲಿ ಗಿಳಿಯು ಪಾಠವನ್ನು ಅರ್ಥವರಿತೇ ಕಲಿಯುತ್ತದೆ. ಕಚ್ಚುವ ಮುನ್ನ ಅದು ಸಾಮಾನ್ಯವಾಗಿ ಎಚ್ಚರಿಕೆ ಕೊಡುವುದು: ಕಣ್ಣಿನ ಪಾಪೆ ಕಿರಿದಾಗಿ ಹಿರಿದಾಗಿ ಮಿಡಿಯುವುದು, ಗರಿ ನಿಮಿರುವುದು ಅಥವಾ ಮೈಗೆ ಅಂಟಿಕೊಳ್ಳುವುದು, ಬಾಲ ಬೀಸಣಿಗೆಯಂತೆ ಅರಳುವುದು. ಇವನ್ನು ಲೆಕ್ಕಿಸದೆ ಕೈಚಾಚಿ, ಕಚ್ಚಿದ ಮೇಲೆ ಮಾತ್ರ ಹಿಂದೆಗೆದರೆ, ಸೌಮ್ಯವಾದ ಸೂಚನೆ ವ್ಯರ್ಥ, ಕಡಿತವೇ ಸಾರ್ಥಕ ಎಂದು ನಾವೇ ಅದಕ್ಕೆ ಬೋಧಿಸಿದಂತಾಯಿತು. ಗದರಿದರೂ ಕೂಗಿದರೂ ಕೆಲವು ಹಕ್ಕಿಗಳಿಗೆ ಅದೊಂದು ವಿನೋದ. ಹೊಡೆಯುವುದು, ಉಪವಾಸ ಕೆಡವುವುದು, ಕತ್ತಲೆಯಲ್ಲಿಡುವುದು ಇವು ಭಯವನ್ನು ಬೆಳೆಸುವುವೇ ಹೊರತು ಕಡಿತವನ್ನು ಬಿಡಿಸಲಾರವು.

ಹಾಗಾದರೆ ಮಾಡಬೇಕಾದುದೇನು? ಸೂಚನೆ ಕಂಡೊಡನೆ ನಿಲ್ಲಬೇಕು. ಕಚ್ಚಿದರೆ ಸದ್ದಿಲ್ಲದೆ ಹಕ್ಕಿಯನ್ನು ಕೆಳಗಿಳಿಸಿ, ಸ್ವಲ್ಪ ಹೊತ್ತು ಮುಖ ತಿರುಗಿಸಬೇಕು. ಮೊದಲು ಪಂಜರದ ಹೊರಗಿನಿಂದ ಒಂದು ಕಾಳನ್ನು ನೀಡುವುದು. ಅನಂತರ ಕೋಲಿನ ಮೇಲೆ ಹತ್ತುವುದನ್ನು ಕಲಿಸುವುದು. ಕೊನೆಗೆ ಕೈಯ ಮೇಲೆ. ಪ್ರತಿ ಹೆಜ್ಜೆಗೂ ಬಹುಮಾನವಿರಲಿ, ಬಾರೆನೆಂದರೆ ಬಲವಂತ ಬೇಡ. ಕಚ್ಚಿ ಸೀಳಲು ಸೀಬೆಯ ಕೊಂಬೆ, ರಾತ್ರಿ 10ರಿಂದ 12 ಗಂಟೆಗಳ ನಿಶ್ಶಬ್ದ ನಿದ್ರೆ, ಹಗಲಿನಲ್ಲಿ ಸಂಗಡಿಗರು ಇವು ಬೇಕು. ಕಾಫಿಯ ಸೀಮೆಯವರು ಇನ್ನೊಂದು ಮಾತನ್ನು ನೆನಪಿಡಬೇಕು: ಕಾಫಿಯಾಗಲಿ ಚಾಕೊಲೇಟಾಗಲಿ ತೋಟದ ಬೆಣ್ಣೆಹಣ್ಣಾಗಲಿ ಗಿಳಿಗೆ ವಿಷ.

ಈ ಕ್ರಮವೆಲ್ಲವೂ ಸಾಕಿದ ಮನೆಗಳಲ್ಲಿಯೇ ಹುಟ್ಟಿ ಬೆಳೆದ ಬಡ್ಜರಿಗಾರ್, ಕಾಕಟೀಲ್ ಮುಂತಾದ ಪರದೇಶದ ಜಾತಿಗಳಿಗೆ ಸಂಬಂಧಿಸಿದುದು. ನಮ್ಮ ನಾಡಿನ ಗಿಳಿಗಳನ್ನು ಹಿಡಿಯುವುದೂ ಮಾರುವುದೂ ಸಾಕುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಪೊಟರೆಯಿಂದ ಕದ್ದು ತಂದ ಮರಿಯು ಕಚ್ಚಿದರೆ ಅದಕ್ಕೆ ಮದ್ದು ಶಿಕ್ಷಣವಲ್ಲ. ಅಂತಹ ಹಕ್ಕಿ ಕೈಸೇರಿದ್ದರೆ ಏಕಾಏಕಿ ಹಾರಬಿಡಲೂ ಆಗದು. ಆಹಾರ ಹುಡುಕಲರಿಯದೆ ಅದು ಸಾಯಬಹುದು. ಅರಣ್ಯ ಇಲಾಖೆಗೆ ಒಪ್ಪಿಸುವುದೇ ಸರಿ.

ಗಿಳಿಗೆ ನಮ್ಮ ಮಾತನ್ನು ಕಲಿಸಲು ನಾವು ತಿಂಗಳುಗಟ್ಟಲೆ ಶ್ರಮಪಡುತ್ತೇವೆ. ಅದರಲ್ಲಿ ಒಂದು ಪಾಲು ಶ್ರಮವನ್ನು ಅದರ ಮಾತನ್ನು ಕಲಿಯುವುದಕ್ಕೆ ವಿನಿಯೋಗಿಸಿದರೆ, ಬೆರಳೂ ಉಳಿಯುವುದು, ಹಕ್ಕಿಯೂ ನೆಮ್ಮದಿಯಿಂದಿರುವುದು.