ಊಟದ ಹೋಟೆಲಿನ ವಿಮರ್ಶಕ

‘ರಸ’ವೆಂದರೇನೆಂದು ವಿವರಿಸಹೊರಟ ಭರತಮುನಿ ನಾಟ್ಯಶಾಸ್ತ್ರದಲ್ಲಿ ಉಪಮಾನಕ್ಕಾಗಿ ಹೋದದ್ದು ಅಡುಗೆಮನೆಗೆ. ನಾನಾ ವ್ಯಂಜನಗಳೂ ದ್ರವ್ಯಗಳೂ ಕೂಡಿ ಭೋಜನದಲ್ಲಿ ರಸ ಹುಟ್ಟುವಂತೆ, ನಾನಾ ಭಾವಗಳು ಕೂಡಿ ನಾಟ್ಯದಲ್ಲಿ ರಸ ಹುಟ್ಟುತ್ತದೆಂಬುದು ಆತನ ವಿವರಣೆ. ಕಾವ್ಯಕ್ಕೆ ಊಟದ ಉಪಮಾನ ಕೊಟ್ಟ ಈ ನಾಡಿನಲ್ಲಿ, ಊಟಕ್ಕೆ ಕಾವ್ಯವಿಮರ್ಶೆಯಂಥ ಒಂದು ವಿಮರ್ಶೆ ಮಾತ್ರ ಬೆಳೆಯಲಿಲ್ಲ. ಪಾಕವನ್ನು ಕುರಿತು ನಾವು ಬರೆದೇ ಇಲ್ಲವೆಂದಲ್ಲ. ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವನ್ನು ಪದ್ಯದಲ್ಲಿಯೇ ರಚಿಸಿದ. ಆದರೆ ಅದು ಅಡುವವರಿಗಾಗಿ ಹೇಳಿದ್ದು. ಮತ್ತೊಬ್ಬರು ಹಣಕ್ಕೆ ಬಡಿಸಿದ ಊಟವನ್ನು ಉಂಡು, ಅದರ ಗುಣದೋಷಗಳನ್ನು ಅಪರಿಚಿತರಾದ ಲಕ್ಷಾಂತರ ಮಂದಿಗೆ ಬರೆದು ತಿಳಿಸುವುದನ್ನೇ ವೃತ್ತಿಯಾಗಿ ಮಾಡಿಕೊಂಡ ವ್ಯಕ್ತಿ ದೊಡ್ಡ ನಗರದ ವೃತ್ತಪತ್ರಿಕೆಯ ಸೃಷ್ಟಿ. ಇಂಥ ವ್ಯಕ್ತಿ ನ್ಯೂಯಾರ್ಕ್ ನಗರದಲ್ಲಿ ಹೇಗೆ ರೂಪುಗೊಂಡ, ಹೇಗೆ ಬದಲಾದ ಎಂಬುದನ್ನು ಈ ಹೊತ್ತು ವಿವರಿಸಬೇಕೆಂದಿದ್ದೇನೆ. ಜೀವಮಾನವೆಲ್ಲ ಕನ್ನಡ ಕಾವ್ಯಗಳನ್ನು ಬೋಧಿಸಿದವನಿಗೆ ಈ ಗೊಡವೆ ಏಕೆಂದು ತಾವು ಕೇಳಬಹುದು. ವಿಮರ್ಶಕನಿಗೆ ಅಧಿಕಾರ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ ಎರಡು ಕಡೆಯೂ ಒಂದೇ. ಊಟದ ವಿಚಾರದಲ್ಲಿ ಅದು ಇನ್ನಷ್ಟು ನಿಚ್ಚಳವಾಗಿ ಕಾಣುತ್ತದೆ, ಏಕೆಂದರೆ ಅಲ್ಲಿ ಕೊನೆಗೊಂದು ಬಿಲ್ಲು ಬರುತ್ತದೆ.

ಕಥೆ 1957ರಿಂದ ಮೊದಲಾಗುತ್ತದೆ. ಆ ವರ್ಷ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ಆಹಾರ ವಿಭಾಗಕ್ಕೆ ಕ್ರೇಗ್ ಕ್ಲೇಬಾರ್ನ್ ಸಂಪಾದಕರಾಗಿ ಬಂದರು. ದಕ್ಷಿಣದ ಮಿಸಿಸಿಪಿ ಪ್ರಾಂತದವರು. ಸ್ವಿಟ್ಜರ್‌ಲೆಂಡಿನ ಲೊಸಾನ್ ಪಟ್ಟಣದ ಹೋಟೆಲು ವಿದ್ಯಾಲಯದಲ್ಲಿ ಕ್ರಮವಾಗಿ ಕಲಿತವರು. ಅಂದಿನ ಅಮೆರಿಕದ ಪತ್ರಿಕೆಗಳಲ್ಲಿ ಆಹಾರವೆಂದರೆ ಹೆಂಗಸರ ಪುಟದ ವಿಷಯ. ಆ ಪುಟಗಳನ್ನು ನಡೆಸುತ್ತಿದ್ದ ಮಹಿಳೆಯರಲ್ಲಿ ಸಮರ್ಥರಿದ್ದರು. ಕ್ಲೇಬಾರ್ನರಿಗೆ ಮೊದಲು ಅದೇ ಸ್ಥಾನದಲ್ಲಿದ್ದ ಜೇನ್ ನಿಕರ್ಸನ್ ಅಂಥವರಲ್ಲೊಬ್ಬರು. ಆದರೆ ಹೋಟೆಲುಗಳ ವಿಷಯಕ್ಕೆ ಬಂದಾಗ ಬರಹಕ್ಕೂ ಜಾಹೀರಾತಿಗೂ ನಡುವೆ ಇರಬೇಕಾದ ಗೋಡೆ ಬಹಳ ಕಡೆ ತೆಳ್ಳಗಿತ್ತು. ಕ್ಲೇಬಾರ್ನರು ಅದನ್ನು ಗಟ್ಟಿಯಾಗಿ ಕಟ್ಟಿದರು. ವಿಮರ್ಶಕ ತಾನಾರೆಂದು ಹೇಳಿಕೊಳ್ಳಬಾರದು. ಒಂದೇ ಊಟದಿಂದ ತೀರ್ಮಾನಿಸದೆ ಮತ್ತೆ ಮತ್ತೆ ಹೋಗಬೇಕು. ಬಿಲ್ಲನ್ನು ಪತ್ರಿಕೆ ಕೊಡಬೇಕು. ಮಾಲೀಕನ ಉಪಚಾರಕ್ಕೆ ಬಾಯಿ ಕಟ್ಟಿಹೋಗದಂತೆ ಕಾಯುವ ಈ ಕಟ್ಟುಪಾಡುಗಳೇ ಮುಂದೆ ಇಡೀ ವೃತ್ತಿಯ ಧರ್ಮವೆನಿಸಿದವು. 1960ರ ದಶಕದ ಆರಂಭದಲ್ಲಿ ಟೈಮ್ಸ್ ಪತ್ರಿಕೆ ಹೋಟೆಲುಗಳಿಗೆ ನಕ್ಷತ್ರಗಳನ್ನು ಕೊಡುವ ಪದ್ಧತಿಯನ್ನೂ ತಂದಿತು. ಅದು ಕ್ರಮೇಣ ನಾಲ್ಕು ನಕ್ಷತ್ರಗಳ ಮಾನದಂಡವಾಗಿ ನಿಂತಿತು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಉತ್ತರಪತ್ರಿಕೆಗಳಿಗೆ ಅಂಕ ಹಾಕಿದವನಾದ ನನಗೆ ಈ ನಕ್ಷತ್ರಗಳಲ್ಲಿ ವಿಶೇಷ ಗೌರವವಿಲ್ಲ. ಅಂಕ ನೋಡಿದವನು ಉತ್ತರವನ್ನು ಓದುವುದಿಲ್ಲ.

ಕ್ಲೇಬಾರ್ನರ ಕಾಲದಲ್ಲಿ ದೊಡ್ಡ ಹೋಟೆಲೆಂದರೆ ಫ್ರೆಂಚ್ ಹೋಟೆಲು. ಆ ಅಭಿರುಚಿಯ ತುತ್ತತುದಿಯನ್ನು ಜಗತ್ತು ಕಂಡದ್ದು 1975ರ ನವೆಂಬರಿನಲ್ಲಿ. ದೂರದರ್ಶನ ವಾಹಿನಿಯೊಂದರ ಸಹಾಯಾರ್ಥ ನಡೆದ ಹರಾಜಿನಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್ ಕಂಪನಿ, ಲೋಕದಲ್ಲಿ ಎಲ್ಲಿ ಬೇಕಾದರೂ ಇಬ್ಬರಿಗೆ ಊಟವೆಂದು ಕೊಡುಗೆ ಸಾರಿತ್ತು. ಕ್ಲೇಬಾರ್ನರು 300 ಡಾಲರಿಗೆ ಅದನ್ನು ಕೂಗಿ ಪಡೆದು, ಗೆಳೆಯ ಪಿಯೆರ್ ಫ್ರಾನೆಯೊಡನೆ ಪ್ಯಾರಿಸ್ಸಿನ ಶೆ ದೆನಿ ಎಂಬಲ್ಲಿ 31 ಬಗೆಯ ಊಟ ಮಾಡಿದರು. ಬಿಲ್ಲು 4,000 ಡಾಲರು. ವರದಿ ಪತ್ರಿಕೆಯ ಮುಖಪುಟದಲ್ಲಿಯೇ ಬಂತು. ನ್ಯೂಯಾರ್ಕ್ ನಗರಸಭೆ ದಿವಾಳಿಯ ಅಂಚಿನಲ್ಲಿದ್ದ ವರ್ಷವದು. ಓದುಗರ ಆಕ್ರೋಶದ ಪತ್ರಗಳು ರಾಶಿಯಾಗಿ ಬಂದವು. ಆ ಸಿಟ್ಟು ನ್ಯಾಯವಾದದ್ದೆಂದೇ ನನ್ನ ಅಭಿಪ್ರಾಯ. ವಿಮರ್ಶಕ ಯಾರ ಪರವಾಗಿ ಉಣ್ಣುತ್ತಾನೆಂಬ ಪ್ರಶ್ನೆಯನ್ನು ಆ ಪತ್ರಗಳು ಮೊದಲ ಬಾರಿಗೆ ಎತ್ತಿದವೆನ್ನಬಹುದು.

ಮುಂದೆ ಆ ಸ್ಥಾನಕ್ಕೆ ಬಂದ ಮಿಮಿ ಶೆರಟನ್ ಕೃತಕ ಕೂದಲು ತೊಟ್ಟು ವೇಷ ಮರೆಸಿಕೊಂಡು ಹೋಗತೊಡಗಿದರು. ಇದು ನಾಟಕದ ಹುಚ್ಚಲ್ಲ. ಟೈಮ್ಸ್ ಪತ್ರಿಕೆಯ ಒಂದು ಬರಹ ಹೋಟೆಲನ್ನು ತಿಂಗಳುಗಟ್ಟಲೆ ತುಂಬಿಸಬಲ್ಲುದಾಗಿತ್ತು, ಬರಿದು ಮಾಡಲೂ ಬಲ್ಲುದಾಗಿತ್ತು. ಆದಕಾರಣ ವಿಮರ್ಶಕರ ಭಾವಚಿತ್ರಗಳನ್ನು ಅಡುಗೆಮನೆಗಳ ಗೋಡೆಗೆ ಅಂಟಿಸಿಡುವ ರೂಢಿ ಬಂದಿತ್ತು.

ಮುಖ ಗುರುತಾದರೆ ನಷ್ಟವೇನು? ಅರ್ಧ ಗಳಿಗೆಯಲ್ಲಿ ಯಾವ ಅಡುಗೆಯವನೂ ಹೆಚ್ಚು ಜಾಣನಾಗಲಾರ. ಬೆಳಗ್ಗೆ ಕುದಿಸಿಟ್ಟ ಸಾರು ಸಂಜೆಗೆ ಬೇರೆಯಾಗಲಾರದು. ಬದಲಾಗುವುದು ಉಳಿದೆಲ್ಲ: ಕೂರಿಸುವ ಜಾಗ, ಕಾಯಿಸುವ ಹೊತ್ತು, ಮೀನಿನ ಯಾವ ತುಂಡು ತಟ್ಟೆಗೆ ಬೀಳುತ್ತದೆ ಎಂಬುದು, ಬಡಿಸುವವನ ಕಣ್ಣಿನ ಭಾವ. ಹೆಸರಿಲ್ಲದ ಗಿರಾಕಿಯನ್ನು ಈ ಮನೆ ಹೇಗೆ ಕಾಣುತ್ತದೆ ಎಂಬುದನ್ನು ಹೆಸರಿಲ್ಲದೆ ಹೋದವರೇ ತಿಳಿಯಬಲ್ಲರು. ಇದನ್ನು ಎಲ್ಲರಿಗೂ ಮನಗಾಣಿಸಿದವರು ರೂತ್ ರೈಶಲ್. ಲಾಸ್ ಏಂಜಲಿಸ್‌ನಿಂದ 1993ರಲ್ಲಿ ಟೈಮ್ಸ್‌ಗೆ ಬಂದ ಆಕೆ, ಶ್ರೀಮಂತರ ನೆಚ್ಚಿನ ‘ಲ ಸರ್ಕ್’ ಹೋಟೆಲಿಗೆ ಐದು ತಿಂಗಳಲ್ಲಿ ಐದು ಬಾರಿ ಹೋದರು. ಸಾಮಾನ್ಯ ಹೆಂಗಸಿನ ವೇಷದಲ್ಲಿ ಹೋದಾಗ ಕಾಯಿಸಿದರು, ಒಳ್ಳೆಯ ಜಾಗ ಕೊಡಲಿಲ್ಲ. ನಾಲ್ಕನೆಯ ಸಲ ಊಟದ ನಡುವೆ ಮಾಲೀಕರಿಗೆ ಗುರುತು ಸಿಕ್ಕಿತು. ಅಲ್ಲಿಂದ ಉಪಚಾರದ ಮಟ್ಟ ಒಮ್ಮೆಲೇ ಏರಿತು, ಮುಂದಿಟ್ಟಿದ್ದ ಸಣ್ಣ ಸಿಹಿತಿನಿಸಿನ ತಟ್ಟೆ ಮಾಯವಾಗಿ ದೊಡ್ಡದೊಂದು ಪ್ರತ್ಯಕ್ಷವಾಯಿತು. ಐದನೆಯ ಸಲ ಸ್ಪೇನಿನ ದೊರೆಯನ್ನೇ ಕಾಯಿಸಿ ಈಕೆಗೆ ಜಾಗ ಮಾಡಿಕೊಟ್ಟರಂತೆ. ಎರಡು ಅನುಭವಗಳನ್ನೂ ಪಕ್ಕಪಕ್ಕದಲ್ಲಿಟ್ಟು ಆಕೆ ಬರೆದರು; ಹೋಟೆಲಿನ ನಾಲ್ಕು ನಕ್ಷತ್ರಗಳಲ್ಲಿ ಒಂದನ್ನು ಕಿತ್ತರು. ಅಡುಗೆಗೆ ಅಪಚಾರವಾಗದಂತೆ ಅವಮಾನಕ್ಕೆ ಬೆಲೆ ಕಟ್ಟಿದ ಆ ಬರಹ ಊಟದ ವಿಮರ್ಶೆಯನ್ನು ಸಮಾಜವಿಮರ್ಶೆಯ ಹೊಸ್ತಿಲಿಗೆ ತಂದು ನಿಲ್ಲಿಸಿತು.

ರೈಶಲ್ ಮಾಡಿದ ಇನ್ನೊಂದು ಕೆಲಸ ಅಷ್ಟೇ ಮುಖ್ಯ. ಹೊನ್ಮುರಾ ಆನ್ ಎಂಬ ಜಪಾನಿ ಶಾವಿಗೆಯ ಹೋಟೆಲಿಗೆ ಮೂರು ನಕ್ಷತ್ರ ಕೊಟ್ಟರು. ಶಾವಿಗೆಯ ಅಂಗಡಿಗೂ ಫ್ರೆಂಚ್ ಭೋಜನಶಾಲೆಗೂ ಸಮಾನ ಪೀಠವೇ ಎಂದು ಕೆಲವರು ಮುಖ ಸಿಂಡರಿಸಿದರು. ವಲಸೆ ಬಂದವರ ಅಡುಗೆಗೆ ಅಲ್ಲಿಯವರೆಗೆ ಮೀಸಲಾಗಿದ್ದುದು ಬಹುಮಟ್ಟಿಗೆ ಅಗ್ಗದ ಊಟದ ಅಂಕಣ. 1992ರಲ್ಲಿ ಟೈಮ್ಸ್‌ನಲ್ಲಿ ಆರಂಭವಾದ, 25 ಡಾಲರಿನೊಳಗಿನ ಊಟಗಳ ಅಂಕಣ ಒಳ್ಳೆಯ ಅಂಕಣವೇ. ಆದರೂ ಅದೊಂದು ಹೊರಜಗಲಿ. ಕ್ವೀನ್ಸ್ ಭಾಗದ ಫ್ಲಷಿಂಗ್‌ನಲ್ಲಿರುವ ಗಣೇಶ ದೇವಸ್ಥಾನದ ನೆಲಮಾಳಿಗೆಯ ಉಪಾಹಾರಗೃಹದ ದೋಸೆಯನ್ನು ಹುಡುಕಿಕೊಂಡು ಪರಜಾತಿಯ, ಪರಮತದ ಜನ ರೈಲು ಹತ್ತಿ ಬರುವುದರಲ್ಲಿ ಇಂಥ ಅಂಕಣಕಾರರ ಪಾಲೂ ಉಂಟು. ಆ ದೋಸೆಗೆ ತೆಂಗಿನ ಚಟ್ನಿ ಸರಿಯಾಗಿ ಹೊಂದಿದೆಯೇ ಎಂದು ನಿರ್ಣಯಿಸಲು ವಿಮರ್ಶಕ ಆ ಪರಂಪರೆಯನ್ನು ಅರಿತಿರಬೇಕು. ಷಟ್ಪದಿಯ ನಡೆ ತಿಳಿಯದವನು ಕುಮಾರವ್ಯಾಸನ ಬಗ್ಗೆ ತೀರ್ಪು ಕೊಟ್ಟರೆ ನಾವು ಒಪ್ಪುತ್ತೇವೆಯೆ?

ಇಷ್ಟರಲ್ಲಿ ಮತ್ತೊಂದು ಕಡೆಯಿಂದ ನೀರು ನುಗ್ಗುತ್ತಿತ್ತು. 1979ರಲ್ಲಿ ಝಗಾಟ್ ದಂಪತಿಗಳು ಗೆಳೆಯರ ಅಭಿಪ್ರಾಯಗಳನ್ನು ಒಟ್ಟುಗೂಡಿಸಿ ಹೊರತಂದ ಪಟ್ಟಿ ಬೆಳೆದು ಪುಸ್ತಕವಾಯಿತು. 2004ರಲ್ಲಿ ಯೆಲ್ಪ್ ಹುಟ್ಟಿ, ಉಂಡವರೆಲ್ಲ ವಿಮರ್ಶಕರಾದರು. ಇದು ಪ್ರಜಾಪ್ರಭುತ್ವವೆಂದು ಹಿಗ್ಗಿದವರಿದ್ದಾರೆ. ಇಪ್ಪತ್ತು ಸಾವಿರಕ್ಕೂ ಮೀರಿದ ಹೋಟೆಲುಗಳ ನಗರದಲ್ಲಿ, ವಾರಕ್ಕೊಂದನ್ನು ಕುರಿತು ಬರೆಯುವ ಒಬ್ಬರ ಕಣ್ಣು ಎಷ್ಟು ದೂರ ಹರಿದೀತು? ಆ ಮಾತು ನಿಜ. ಆದರೆ ಸಾವಿರ ಮಂದಿಯ ಸರಾಸರಿಗೆ ಹೊಣೆಗಾರರು ಯಾರೂ ಇಲ್ಲ. ಹಣಕ್ಕೆ ಬರೆಸಿದ ಹೊಗಳಿಕೆಯೂ, ಎದುರಂಗಡಿಯವನು ಬರೆಸಿದ ತೆಗಳಿಕೆಯೂ ಅದರಲ್ಲಿ ಸೇರಿಕೊಂಡು, ಸುಳ್ಳು ವಿಮರ್ಶೆಗಳ ಮಾರಾಟವನ್ನು ನಿಷೇಧಿಸುವ ನಿಯಮವನ್ನೇ ಅಮೆರಿಕದ ಸರ್ಕಾರ 2024ರಲ್ಲಿ ಮಾಡಬೇಕಾಯಿತು. ಕೈಫೋನಿನಲ್ಲಿ ತಟ್ಟೆಯ ಚಿತ್ರ ತೆಗೆದು ಹರಡುವವರಲ್ಲಿ ಅನೇಕರು ಹೋಟೆಲಿನವರ ಆಹ್ವಾನದ ಮೇಲೆ ಬಿಟ್ಟಿ ಉಣ್ಣುವವರು. ಕ್ಲೇಬಾರ್ನರು ಕಟ್ಟಿದ ಗೋಡೆ ಅಲ್ಲಿ ಇಲ್ಲ.

ಹೀಗೆ ‘ಎಲ್ಲಿ ಉಣ್ಣಬೇಕು’ ಎಂದು ಹೇಳುವ ಕೆಲಸ ಕೈತಪ್ಪಿದ ಮೇಲೆ ವಿಮರ್ಶಕರಿಗೆ ಉಳಿದದ್ದು ‘ಇದರ ಅರ್ಥವೇನು’ ಎಂದು ಹೇಳುವ ಕೆಲಸ. 2012ರಿಂದ 2024ರವರೆಗೆ ಆ ಹುದ್ದೆಯಲ್ಲಿದ್ದ ಪೀಟ್ ವೆಲ್ಸ್ ಅವರ ಬರಹಗಳಲ್ಲಿ ಇದು ಸ್ಪಷ್ಟ. ಟೈಮ್ಸ್ ಸ್ಕ್ವೇರಿನಲ್ಲಿ ದೂರದರ್ಶನದ ತಾರೆ ಗೈ ಫಿಯೆರಿ ತೆರೆದ ಭಾರಿ ಹೋಟೆಲನ್ನು 2012ರಲ್ಲಿ ಅವರು ಬಹುಪಾಲು ಪ್ರಶ್ನೆಗಳಲ್ಲೇ ವಿಮರ್ಶಿಸಿದರು. ಅದು ಲೋಕವೆಲ್ಲ ಸುತ್ತಿತು. ನನಗೆ ಅದರಲ್ಲಿ ಚಮತ್ಕಾರ ಕಂಡಿತೇ ಹೊರತು ಹೆಚ್ಚಿನ ತೂಕ ಕಾಣಲಿಲ್ಲ. ತೂಕದ್ದು 2016ರ ಜನವರಿಯದು. ನಗರದ ಅತಿ ದುಬಾರಿ ಹೋಟೆಲುಗಳಲ್ಲೊಂದಾದ ‘ಪರ್ ಸೆ’ಯನ್ನು ನಾಲ್ಕು ನಕ್ಷತ್ರದಿಂದ ಎರಡಕ್ಕೆ ಇಳಿಸಿದರು. ಅದರ ಒಡೆಯ ಥಾಮಸ್ ಕೆಲ್ಲರ್ ಗಿರಾಕಿಗಳಲ್ಲಿ ಬಹಿರಂಗವಾಗಿ ಕ್ಷಮೆ ಕೋರಿದರು. ದೊಡ್ಡವರನ್ನು ಪ್ರಶ್ನಿಸುವ ಧೈರ್ಯಕ್ಕೆ ಪತ್ರಿಕೆಯ ಬೆಂಬಲ ಬೇಕು; ಒಂಟಿ ಬರಹಗಾರನಿಂದ ಅದು ಸುಲಭವಲ್ಲ. 2020ರ ಮಾರ್ಚಿಯಲ್ಲಿ ಮಹಾಮಾರಿ ಬಂದು ಹೋಟೆಲುಗಳು ಬಾಗಿಲು ಹಾಕಿದಾಗ ಟೈಮ್ಸ್ ನಕ್ಷತ್ರಗಳನ್ನು ಕೆಲಕಾಲ ನಿಲ್ಲಿಸಿತು. ಬಾಡಿಗೆ ಕಟ್ಟಲಾಗದೆ, ಸಂಬಳ ಕೊಡಲಾಗದೆ ಒದ್ದಾಡುವವನ ಸಾರಿಗೆ ಉಪ್ಪು ಕಡಿಮೆಯೆಂದು ಅಂಕ ಕಳೆಯುವುದು ಕ್ರೌರ್ಯವೆನಿಸುತ್ತಿತ್ತು. ವೆಲ್ಸ್ ಆಗ ಬೀದಿಬದಿಯ ಬೆಂಚು, ಕಟ್ಟಿಕೊಟ್ಟ ಪೊಟ್ಟಣ, ಮುಚ್ಚಿದ ಬಾಗಿಲುಗಳ ಬಗ್ಗೆ ಬರೆದರು. 2023ರಲ್ಲಿ ನಗರದ ನೂರು ಅತ್ಯುತ್ತಮ ಹೋಟೆಲುಗಳ ಪಟ್ಟಿ ಮಾಡಿದರು. ಮರುವರ್ಷ, ವೃತ್ತಿಯ ಊಟದಿಂದಲೇ ಆರೋಗ್ಯ ಕೆಟ್ಟಿತೆಂದು ತಾವೇ ಬರೆದು ಹುದ್ದೆ ಬಿಟ್ಟರು.

ಅವರ ಸ್ಥಾನಕ್ಕೆ 2025ರಲ್ಲಿ ಇಬ್ಬರು ಬಂದರು: ತೇಜಲ್ ರಾವ್ ಮತ್ತು ಲಿಗಾಯ ಮಿಶಾನ್. ಮಿಶಾನ್ ಅದಕ್ಕೆ ಮುಂಚೆ ವರ್ಷಗಟ್ಟಲೆ ನಗರದ ಸಣ್ಣ ಅಗ್ಗದ ಹೋಟೆಲುಗಳನ್ನು ಕುರಿತು ಅಂಕಣ ಬರೆದವರು. ಹೊರಜಗಲಿಯವರು ನಡುಮನೆಗೆ ಬಂದರೆನ್ನಬಹುದು. ಇಬ್ಬರೂ ಮುಖ ಮರೆಸಿಕೊಳ್ಳದೆ ಕೆಲಸ ಮಾಡುವುದೆಂದು ಪತ್ರಿಕೆ ಸಾರಿತು. ಈಗ ಓದುಗರು ಅವರನ್ನು ಚಲಚ್ಚಿತ್ರಗಳಲ್ಲಿ ನೋಡಬಹುದು, ಅಡುಗೆಮನೆಯವರೂ ನೋಡಬಹುದು. ಲಾಸ್ ಏಂಜಲಿಸ್‌ನ ಜೊನಾಥನ್ ಗೋಲ್ಡ್ ಹತ್ತು ವರ್ಷ ಮೊದಲೇ ಹೀಗೆ ಮುಸುಕು ತೆಗೆದಿದ್ದರು. ಲ ಸರ್ಕ್‌ನಲ್ಲಿ ಕಾಯಿಸಿಕೊಂಡ ಆ ಅನಾಮಿಕ ಹೆಂಗಸಿನ ಅನುಭವವನ್ನು ಇನ್ನು ಮೇಲೆ ಯಾರು ಬರೆಯುತ್ತಾರೋ ನೋಡಬೇಕು. ಬಿಲ್ಲನ್ನು ಪತ್ರಿಕೆಯೇ ಕೊಡಬೇಕೆಂಬ ನಿಯಮವನ್ನು ಮಾತ್ರ ಯಾರೂ ಮುಟ್ಟಿಲ್ಲ.